ಬದ್ರುಚಾಚಾನ ಗರ್ರ್

ಹುಮನಾಬಾದಿನಲ್ಲಿ ಒಂದು ಹೆವಿ ಮೆಟಲ್ ಬ್ಯಾಂಡ್ ಇತ್ತು, ಅದರಲ್ಲಿ ನಾನೂ ಇದ್ದೆ ಎಂದು ಹೇಳಿದರೆ ಜನ ನನ್ನ ಬೋಳುತಲೆಯನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ. ಬದಲಿಸಲಿ. ಇತ್ತು. ಹೆಸರು ‘ಹೈವೇ ನೌ’. ಪುಣೆಯಿಂದ ಹೈದರಾಬಾದಿಗೆ ಹೋಗುವ ಒಂಬತ್ತನೇ ನಂಬರಿನ ಹೆದ್ದಾರಿ ನಮ್ಮೂರನ್ನು ಹಾದೇ ಹೋಗುತ್ತಿತ್ತು, ಊರಲ್ಲಿ ಒಂಬತ್ತಕ್ಕೆ ನೌ ಅನ್ನುವವರೂ ಬೇಕಾದಷ್ಟಿದ್ದರು. ಗಿಟಾರು, ಹಾಡು ಎರಡೂ ತೊಗರಿ ವ್ಯಾಪಾರದ ಓಂಪ್ರಕಾಶರ ಮಗ ಸತೀಶಕುಮಾರನದು. ಡ್ರಮ್ಮು ಘಾಟಬೋರಾಳದ ಸಂಘರತ್ನನದು. ಭೀಮ ಜಯಂತಿಯ ಮೆರವಣಿಗೆಗಳಲ್ಲಿ ಕೈ ಪಳಗಿಸಿಕೊಂಡವನು, ಅವನು ಬಾರಿಸಿದರೆ ಎರಡು ಓಣಿ ಆಚೆ ಹಾಲು ಒಡೆಯುತ್ತದೆ ಎಂದು ಚೇಷ್ಟೆ ಮಾಡುತ್ತಿದ್ದೆವು. ಮೂರನೆಯವನು ನಾನು, ಸೂರ್ಯಕಾಂತ, ಭಜನಾ ಮಂಡಳಿಯ ಹಾರ್ಮೋನಿಯಂ. ಹೆವಿ ಮೆಟಲಿನಲ್ಲಿ ಹಾರ್ಮೋನಿಯಂ ಯಾಕೆ ಎಂದು ಕೇಳಬೇಡಿ. ನನ್ನ ಹತ್ತಿರ ಇದ್ದದ್ದು ಅದೊಂದೇ.

ಈಗ ಹೇಳಹೊರಟಿದ್ದು ನಾಲ್ಕನೆಯವನ ಕತೆ. ಬಸ್ ಸ್ಟ್ಯಾಂಡಿನ ಹಿಂದೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಬದ್ರುದ್ದೀನ್, ನಮಗೆಲ್ಲ ಬದ್ರುಚಾಚಾ. ಸಣಕಲು ಆಳು, ಅಂಗಿಯ ಜೇಬಿನಲ್ಲಿ ಸದಾ ಒಂದು ಟೆಸ್ಟರ್. ಮದುವೆ, ಉರುಸು, ಭಜನೆ, ಎಲೆಕ್ಷನ್, ಯಾವುದೇ ಇರಲಿ, ಜನ ಮೊದಲು ಚಾಚಾನ ಸೆಟ್ ಖಾಲಿ ಇದೆಯೇ ಎಂದು ಕೇಳಿ ಆಮೇಲೆ ಪಂಚಾಂಗ ತೆಗೆಯುತ್ತಿದ್ದರು. ಯಾಕೆಂದರೆ ಚಾಚಾನ ಭೋಂಗಾದಿಂದ, ಅಂದರೆ ಧ್ವನಿವರ್ಧಕದ ತುತ್ತೂರಿಯಿಂದ, ಯಾವತ್ತೂ ಗರ್ರ್ ಎಂಬ ಸದ್ದು ಬಂದದ್ದಿಲ್ಲ. ಹೊಸ ಭೋಂಗಾ ತಂದಾಗಲೆಲ್ಲ ಅದರ ಪರೀಕ್ಷೆ ನಡೆಯುತ್ತಿತ್ತು. ಹೆಂಡತಿ ಹಜಿರಾ ಬೀ ಅಂಗಡಿಯಲ್ಲಿ ಮೈಕಿನ ಮುಂದೆ ನಿಂತು “ಶಕ್ಕರ್, ಶರಬತ್, ಶಂಕರಪಾಳಿ” ಎನ್ನಬೇಕು. ಚಾಚಾ ಓಣಿಯ ಆ ತುದಿಯಲ್ಲಿ ಕಣ್ಣು ಮುಚ್ಚಿ ಕೇಳಬೇಕು. ಒಂದೇ ಒಂದು ಶಕಾರ ಸಕಾರದಂತೆ ಕೇಳಿಸಿದರೂ ಭೋಂಗಾ ವಾಪಸ್.

ಇದರ ಮೇಲೆ ಕಿರೀಟ ಎಂದರೆ ಮಹಾರುದ್ರಪ್ಪ ಸಾಹುಕಾರರ ಬೈಠಕ್. ಸಾಹುಕಾರರು ತಂದೆಯ ನೆನಪಿಗೆ ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ, ಮಾಣಿಕನಗರದ ತಮ್ಮ ವಾಡೆಯಲ್ಲಿ ದೊಡ್ಡ ಗವಾಯಿಗಳನ್ನು ಕರೆಸಿ ಹಾಡಿಸುತ್ತಿದ್ದರು. ೧೯೮೦ರಿಂದಲೂ ಸೆಟ್ ಚಾಚಾನದೇ. ಬಂದ ಗವಾಯಿಗಳಿಗೆ ಸಾಹುಕಾರರು ಹೇಳುತ್ತಿದ್ದ ಮಾತು ಒಂದೇ: “ಗಂಟಲು ನಿಮ್ದು, ಮುಂದಿಂದು ನಮ್ಮ ಬದ್ರೂಂದು.” ಆ ಮಾತನ್ನು ಚಾಚಾ ಊರಿಡೀ ಹೇಳಿಕೊಂಡು ತಿರುಗುತ್ತಿದ್ದ. ನಮಗೇ ನೂರು ಸಲ ಹೇಳಿದ್ದಾನೆ.

ಇಂಥವನ ಗೋದಾಮಿನಲ್ಲಿ ನಾವು ೧೯೯೯ರಲ್ಲಿ ತಾಲೀಮು ಶುರು ಮಾಡಿದೆವು. ನಮ್ಮ ಬುದ್ಧಿಗೆ ಏನು ಹೇಳೋಣ! ಹೈದರಾಬಾದಿನ ಹಾಸ್ಟೆಲ್ಲಿನಲ್ಲಿದ್ದ ಸೋದರಮಾವನ ಮಗನಿಂದ ಸತೀಶ ನಾಲ್ಕು ಕ್ಯಾಸೆಟ್ಟು, ಒಂದು ಹಳೆಯ ಗಿಟಾರು, ಕಾಲಿನಿಂದ ಒತ್ತುವ ಒಂದು ಕಬ್ಬಿಣದ ಡಬ್ಬಿ ತಂದಿದ್ದ. ಡಬ್ಬಿ ಒತ್ತಿದರೆ ಗಿಟಾರು ಗರ್ರ್ ಎಂದು ಗುಡುಗಬೇಕು. ಮೆಟಲ್ ಎಂದರೆ ಅದೇ. ಚಾಚಾ ಊರೂರು ತಿರುಗುವ ದಿನಗಳಲ್ಲಿ ನಾವು ತಾಲೀಮು ಮಾಡುತ್ತಿದ್ದುದರಿಂದ ಆ ಗುಡುಗು ಅವನ ಕಿವಿಗೆ ಬಿದ್ದಿರಲಿಲ್ಲ.

ಬಿದ್ದದ್ದು ಬಸವಕಲ್ಯಾಣದಲ್ಲಿ, ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ. ನಮ್ಮ ಮೊದಲ ಪ್ರೋಗ್ರಾಮು, ಚಾಚಾನದೇ ಸೆಟ್. ಸತೀಶ ಡಬ್ಬಿ ಒತ್ತಿದ. ಚಾಚಾ ಹೌಹಾರಿ ಎದ್ದು ವಾಲ್ಯೂಮ್ ಇಳಿಸಿದ. ಸತೀಶ ಇನ್ನೊಮ್ಮೆ ಒತ್ತಿದ. ಚಾಚಾ ಓಡಿಬಂದು ವೈರು ಬದಲಿಸಿದ. ಮೂರನೆಯ ಸಲ ಒತ್ತಿದಾಗ ರೋಗದ ಮೂಲ ಅವನಿಗೆ ಗೊತ್ತಾಯಿತು. ಬಗ್ಗಿಕೊಂಡೇ ಸ್ಟೇಜಿಗೆ ಬಂದು, ಡಬ್ಬಿಯ ಎರಡೂ ಪಿನ್ನು ಕಿತ್ತು, ಗಿಟಾರಿನ ವೈರನ್ನು ನೇರವಾಗಿ ಜೋಡಿಸಿ, ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಇಳಿದುಹೋದ. ಉಳಿದ ಹಾಡಿಗೆಲ್ಲ ನಮ್ಮ ಗಿಟಾರು ಮದುವೆಮನೆಯ ಆರ್ಕೆಸ್ಟ್ರಾದಂತೆ ಸಭ್ಯವಾಗಿ ಟಿಂಗ್ ಟಿಂಗ್ ಎಂದಿತು. ಹುಡುಗಿಯರು ಚಪ್ಪಾಳೆ ಬೇರೆ ತಟ್ಟಿದರು. ಸತೀಶನಿಗೆ ಆದ ಅವಮಾನ ಅಷ್ಟಿಷ್ಟಲ್ಲ.

ಎರಡು ದಿನ ಬಿಟ್ಟು ಚಾಚಾ ತಾನೇ ಹುಡುಕಿಕೊಂಡು ಬಂದು, ಮುಖವನ್ನೆಲ್ಲ ಅರಳಿಸಿ, ಡಬ್ಬಿಯನ್ನು ಸತೀಶನ ಕೈಗಿಟ್ಟ.

“ತಗೋ. ರಿಪೇರಿ ಮಾಡೀನಿ. ಒಳಗ ಎರಡು ಪಾರ್ಟ್ ಸುಳ್ಳೇ ಕುಂತಿದ್ವು, ತೆಗೆದು ಒಗದೀನಿ. ಇನ್ನ ಜನ್ಮದಾಗ ಗರ್ರ್ ಅನ್ನಂಗಿಲ್ಲ.”

“ಚಾಚಾ,” ಎಂದ ಸತೀಶ, ಅಳುವುದೊಂದು ಬಾಕಿ. “ಅದು ಗರ್ರ್ ಅನ್ನಲಿ ಅಂತೇ ತಂದಿದ್ನಲ್ಲ.”

“ಕೆಟ್ಟ ಆವಾಜಿಗೆ ಯಾರರ ರೊಕ್ಕ ಕೊಡ್ತಾರೇನೋ?”

“ದುನಿಯಾ ಕೊಡ್ತದ ಚಾಚಾ.”

ಚಾಚಾ ನಂಬಲಿಲ್ಲ. ಸತೀಶ ಸಿಟ್ಟಿನಿಂದ ಒಂದು ಕ್ಯಾಸೆಟ್ಟನ್ನು ಅವನ ಎದೆಗೆ ಒತ್ತಿ ಹೋದ, ಹದಿನೈದು ದಿನ ಮಾತಾಡಲಿಲ್ಲ. ಆ ಹದಿನೈದು ದಿನವೂ ಚಾಚಾ ರೊಟ್ಟಿ ತಿನ್ನುವಾಗ, ಸೋಲ್ಡರ್ ಮಾಡುವಾಗ ಅದೇ ಕ್ಯಾಸೆಟ್ ಹಾಕಿಕೊಂಡು ಕೇಳಿದನಂತೆ. ಹಜಿರಾ ಬೀ ಹತ್ತಿ ಕಿವಿಗಿಟ್ಟುಕೊಂಡೇ ಅಡುಗೆ ಮಾಡಿದಳಂತೆ. ಕೊನೆಗೆ ನಮ್ಮ ಮೂವರನ್ನೂ ಅಂಗಡಿಗೆ ಕರೆಸಿ ಚಹಾ ತರಿಸಿದ.

“ತಪ್ಪು ನಂದದ,” ಎಂದ. “ಇದು ಬಿಗಡಾಯಿಸಿದ್ದಲ್ಲ. ಗರ್ರ್ ಅಂತದ ಖರೇ, ಆದ್ರ ಒಂದೊಂದು ಸುರಾನೂ ಬೇರೆ ಬೇರೆ ಕೇಳ್ತದ. ಹ್ಯಾಂಗ ಮಾಡ್ಯಾರ ಅಂತ ನನಗ ತಿಳೀವಲ್ದು. ಡಬ್ಬಿ ನಾ ಕೆಡಿಸೀನಿ, ಗರ್ರ್ ನಾನೇ ಮಾಡಿ ಕೊಡ್ತೀನಿ.”

ಅಲ್ಲಿಂದ ಶುರುವಾಯಿತು ನೋಡಿ ಚಾಚಾನ ಹುಚ್ಚು. ಬ್ಲೇಡು ತೆಗೆದುಕೊಂಡು ಹಳೆಯ ಸ್ಪೀಕರಿನ ಕಾಗದವನ್ನು ಸೀಳಿದ. ಸೀಳು ಉದ್ದವಾದರೆ ಅದು ಕೆಮ್ಮಿತು, ಗಿಡ್ಡವಾದರೆ ಸುಮ್ಮನಾಯಿತು. ಒಂದು ಭೋಂಗಾದೊಳಗೆ ಹುಣಸೆಬೀಜ ಹಾಕಿದ. ಅದು ಗಿಲಕಿಯಂತೆ ಆಡಿತು. “ಇಪ್ಪತ್ತು ವರ್ಷ ರಿಪೇರಿ ಮಾಡಿದಿ, ಈಗ ಮುರಿಯಾಕ ಕುಂತಿಯೇನು?” ಎಂದು ಹಜಿರಾ ಬೀ ಹಣೆ ಚಚ್ಚಿಕೊಂಡಳು. ಕಡೆಗೆ ಒಂದು ದಿನ ಹಳೆಯ ಟೇಪ್ ರೆಕಾರ್ಡರೊಂದರ ಹೊಟ್ಟೆಗೆ ಗಿಟಾರನ್ನು ಸಿಕ್ಕಿಸಿ, ಅದರ ಆವಾಜನ್ನು ತುತ್ತತುದಿಗೆ ಏರಿಸಿ, ಅಲ್ಲಿಂದ ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟ. ಸತೀಶ ಒಂದೇ ಒಂದು ತಂತಿ ಮೀಟಿದ. ಗೋದಾಮಿನ ತಗಡು ನಡುಗಿತು. ನಾವು ಮೂವರೂ ಕೂಗಿ ಕುಣಿದೆವು. ಚಾಚಾ ಮಾತ್ರ ಕಣ್ಣು ಮುಚ್ಚಿ, “ಇನ್ನೂ ಸುರ ಬಿಡಿಬಿಡಿ ಕೇಳವಲ್ದು, ತಡೀರಿ,” ಎಂದ. ಸುರ ಬಿಡಿಬಿಡಿಯಾಗಿ ಕೇಳಲು ಹಿಡಿದದ್ದು ಒಟ್ಟು ಏಳು ತಿಂಗಳು.

ಅವನ ಕೈಗೆ ಹಳೆಯ ಚಾಳಿ ಇತ್ತಲ್ಲ, ಗರ್ರ್ ಬಂದರೆ ಸಾಕು ಗುಂಡಿ ತಿರುಗಿಸಿ ಇಳಿಸುವುದು. ಅದು ಹೋಗಲಿಲ್ಲ. ಸತೀಶ ಏರಿಸು ಎಂದು ಬೊಬ್ಬೆ ಹಾಕುತ್ತಿದ್ದ, ಚಾಚಾ ಇಳಿಸುತ್ತಿದ್ದ. ಇಳಿಸಿದಾಗ ನನ್ನ ಬಡಪಾಯಿ ಹಾರ್ಮೋನಿಯಂ ಕೇಳಿಸುತ್ತಿತ್ತು, ಸತೀಶ ಭಜನೆಯ ಧಾಟಿಗೆ ಜಾರುತ್ತಿದ್ದ. ಏರಿಸಿದಾಗ ಸಂಘರತ್ನ ಮೆರವಣಿಗೆಯ ಪೆಟ್ಟು ಹಾಕುತ್ತಿದ್ದ. ಈ ಜಗಳವೇ ನಮ್ಮ ಸಂಗೀತವಾಯಿತು. ಎರಡು ಸಾಲು ಭಜನೆ, ಎರಡು ಸಾಲು ಗುಡುಗು, ನಡುವೆ ಉರುಸಿನ ಕವ್ವಾಲಿಯ ಚಪ್ಪಾಳೆ. ಯಾವ ಹಾಡಿಗೆ ಎಷ್ಟು ಗರ್ರ್ ಎಂದು ಚಾಚಾ ಗುಂಡಿಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದ. ಇಂಥದ್ದು ಆ ನಾಲ್ಕು ಕ್ಯಾಸೆಟ್ಟಿನಲ್ಲಿ ಎಲ್ಲೂ ಇರಲಿಲ್ಲ. ನಾನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ಬ್ಯಾಂಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುತ್ತಿದ್ದವನು ಆ ಗುಂಡಿಯವನು.

೨೦೦೨ರ ರಾಜ್ಯೋತ್ಸವದ ಸಂಜೆ ಹುಮನಾಬಾದಿನ ಮೈದಾನದಲ್ಲಿ ನಮಗೆ ಇಪ್ಪತ್ತು ನಿಮಿಷ ಸಿಕ್ಕಿತು. ಅಧ್ಯಕ್ಷತೆ ಮಹಾರುದ್ರಪ್ಪ ಸಾಹುಕಾರರದು. ಅವರ ಬೈಠಕ್ಕಿಗೆ ಇನ್ನು ಮೂರೇ ವಾರ. ಹಜಿರಾ ಬೀ ಬೆಳಿಗ್ಗೆಯೇ ಗಂಡನಿಗೆ ಹೇಳಿದ್ದಳು: “ಇವತ್ತೊಂದಿನ ಹುಡುಗರಿಗೆ ಸಾಫ್ ಸೀದಾ ಬಾರಸ್ರಿ ಅನ್ನು. ಸಾವ್ಕಾರ ಕೇಳಿದ್ರ ನಿನ್ನ ಹೆಸರು ಮಣ್ಣಾಗ ಹೋಗ್ತದ.” ನಾವೂ ಹಾಗೇ ಹೇಳಿದೆವು. ಚಾಚಾ ಟೇಪ್ ರೆಕಾರ್ಡರನ್ನು ಟಾಂಗಾದಲ್ಲಿ ಇಟ್ಟುಕೊಂಡ.

ಎರಡು ಸಾಲು ಭಜನೆ ಮುಗಿದು ಗುಡುಗು ಎದ್ದಿತೋ ಇಲ್ಲವೋ, ಸಾಹುಕಾರರು ಕೈ ಎತ್ತಿದರು. ನಾವು ನಿಲ್ಲಿಸಿದೆವು.

“ಬದ್ರೂ! ಏನಾಗ್ಯದ ನಿನ್ನ ಮಷೀನಿಗಿ?” ಎಂದರು. ಆಮೇಲೆ ಅವರೇ ಕರುಣೆಯಿಂದ ದಾರಿಯನ್ನೂ ತೋರಿಸಿದರು. “ಈ ಪೋರಗೋಳು ಕೆಡಿಸ್ಯಾವೇನು?”

ಹೌದ್ರಿ ಎಂದರೆ ಮುಗಿಯಿತು, ಅವನ ಇಪ್ಪತ್ತೆರಡು ವರ್ಷದ ಹೆಸರು ಉಳಿಯುತ್ತಿತ್ತು. ಅವನು ಹಾಗೆ ಹೇಳಲಿ ಎಂದೇ ನಾನು ಬೇಡಿಕೊಂಡೆ, ಸುಳ್ಳಲ್ಲ. ಚಾಚಾ ಎದ್ದು ನಿಂತ.

“ಇಲ್ರಿ ಸಾವ್ಕಾರ. ಮಷೀನ್ ಬರೋಬರ್ ಅದ. ಅದು ಹಿಂಗೇ ಬರಬೇಕಂತ ನಾನೇ ಮಾಡೀನಿ.”

ಸಾಹುಕಾರರು ಶಲ್ಯ ಕೊಡವಿ ಎದ್ದು ಹೋದರು. ಅವರ ಹಿಂದೆ ಮುಂದಿನ ಎರಡು ಸಾಲೂ ಹೋದವು. ಹಿಂದಿದ್ದ ಹುಡುಗರು ಖಾಲಿ ಕುರ್ಚಿಗಳಿಗೆ ನುಗ್ಗಿದರು. ನಾವು ಮತ್ತೆ ಶುರು ಮಾಡಿದೆವು, ತಪ್ಪು ತಪ್ಪಾಗಿ ಬಾರಿಸಿದೆವು. ನನ್ನ ಕಣ್ಣು ಮಂಜಾಗಿ ಹಾರ್ಮೋನಿಯಮ್ಮಿನ ಕರಿಬಿಳಿ ಮನೆಗಳೇ ಕಾಣುತ್ತಿರಲಿಲ್ಲ. ಚಾಚಾನ ಗುಂಡಿ ಮಾತ್ರ ಒಂದು ಗೆರೆಯೂ ಆಚೀಚೆ ಆಗಲಿಲ್ಲ.

ಮೂರು ವಾರದ ಮೇಲೆ ಬೈಠಕ್ಕಿಗೆ ಬೇರೆ ಊರಿನ ಸೆಟ್ ಬಂತು. ಚಾಚಾ ಇಸ್ತ್ರಿ ಅಂಗಿ ಹಾಕಿಕೊಂಡು ನಮ್ಮನ್ನೂ ಕರೆದುಕೊಂಡು ಹೋಗಿ ವಾಡೆಯಲ್ಲಿ ಕಟ್ಟಕಡೆಯ ಜಮಖಾನೆಯ ಮೇಲೆ ಕುಳಿತ. ಗವಾಯಿಗಳು ಆಲಾಪ ಎತ್ತಿದರು. ಹತ್ತು ನಿಮಿಷಕ್ಕೆ ಬಾಕ್ಸು ಗರಗರ ಎನ್ನತೊಡಗಿತು. ಹೊಸ ಸೆಟ್ಟಿನವನು ಅಲ್ಲಿ ಇಲ್ಲಿ ಕೈಯಾಡಿಸಿದ, ಗರಗರ ಹೆಚ್ಚಾಯಿತು. ಗವಾಯಿಗಳು ಹಾಡು ನಿಲ್ಲಿಸಿ ನೀರು ಕುಡಿದರು. ಚಾಚಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದ, ಆಗದೆ ಎದ್ದೇಬಿಟ್ಟ. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ, ಟೆಸ್ಟರ್ ತೆಗೆದು ಬಾಕ್ಸಿನ ಹಿಂದೆ ಬಗ್ಗಿದ.

ಸಾಹುಕಾರರು ಗಾದಿಯಿಂದಲೇ ಕೇಳಿದರು, ಎಲ್ಲರಿಗೂ ಕೇಳುವ ಹಾಗೆ: “ಏನ್ ಬದ್ರೂ, ಇದೂ ಹಿಂಗೇ ಬರಬೇಕೇನು?”

ಸಭೆ ನಕ್ಕಿತು. ಚಾಚಾ ಸ್ಕ್ರೂ ತಿರುಗಿಸುತ್ತಲೇ ಹೇಳಿದ: “ಇಲ್ರಿ ಸಾವ್ಕಾರ, ಇದು ಕೆಟ್ಟದ. ನಮ್ಮ ಗರ್ರ್ ತರಾಕ ನನಗ ಏಳು ತಿಂಗಳು ಹಿಡೀತು. ಇದಕ್ಕ ಒಂದು ಸಡಲ ವೈರ್ ಸಾಕು.”

ಗರಗರ ನಿಂತಿತು. ಗವಾಯಿಗಳು ಒಂದು ಸ್ವರ ಹಚ್ಚಿ ನೋಡಿದರು. ಅದು ಕಟ್ಟಕಡೆಯ ಜಮಖಾನೆಯವರೆಗೂ ನಿಚ್ಚಳವಾಗಿ ಬಂತು. ಸಾಹುಕಾರರು ಪಕ್ಕದ ಲೋಡುದಿಂಬು ಸರಿಸಿ, ಇಲ್ಲಿ ಕೂಡು ಎಂಬಂತೆ ಗಾದಿ ತಟ್ಟಿದರು. ಊರಿಡೀ ನೋಡುತ್ತಿತ್ತು. ಚಾಚಾ ಎದೆಯ ಮೇಲೆ ಕೈಯಿಟ್ಟು ಬಾಗಿದ.

“ಮಾಫ್ ಮಾಡ್ರಿ ಸಾವ್ಕಾರ,” ಎಂದ, “ನಮ್ಮ ಬ್ಯಾಂಡಿನವರು ಹಿಂದ ಕುಂತಾರ.”

ಬಂದು ನಮ್ಮ ನಡುವೆ ಕುಳಿತ.