ಪಾಯಿಂಟ್ ಟೂ ಬರಬೇಕು

ಪುಣೆಯ ಆ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಯುಎಸ್‌ಬಿ ಲೈನ್ ಕ್ಯಾಮೆರಾ ಬಂದದ್ದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಜನ ಪೆನ್ ಡ್ರೈವನ್ನು ತಾಯತದಂತೆ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ, ಅಷ್ಟು ನೆನಪಿದೆ. ನಾನು ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಸಂಶೋಧನೆ ಮಾಡುತ್ತೇನೆಂದು ಪುಣೆಗೆ ಬಂದು, ಅದನ್ನು ಅರ್ಧಕ್ಕೆ ಬಿಟ್ಟು, ಬಿಎಸ್ಸಿ ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸುವ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಅಂಕಿಗಳನ್ನು ಅನುಕೂಲಕ್ಕೆ ತಕ್ಕಂತೆ ದುಂಡಗೆ ಮಾಡುತ್ತದೆ, ಸಪ್ಪೆ ಮಾತುಗಳಿಗೆ ಮೊನೆ ಕೂರಿಸುತ್ತದೆ. ಆದರೆ ಇಲ್ಲಿ ಬರುವ ಮುಖ್ಯ ಅಂಕಿಯನ್ನು ನಾನೇ ಎರಡು ಬೇರೆ ವಿಧಾನಗಳಲ್ಲಿ ಅಳೆದಿದ್ದೆ. ಅದೊಂದನ್ನು ಮಾತ್ರ ಅನುಮಾನಿಸುವುದಿಲ್ಲ.

ಲ್ಯಾಬು ಬೆಳಗಾವಿ ಕಡೆಯ ಒಬ್ಬ ಪ್ರೊಫೆಸರರ ಕೈಯಲ್ಲಿತ್ತು. ಪಾಠವನ್ನು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಮಾಡುತ್ತಿದ್ದರು. ಬೈಗುಳಕ್ಕೆ ಕನ್ನಡ. ನಾನು ಬರುವ ಮುಂಚೆ ಆ ಕನ್ನಡ ಕೇಳುವವರು ಯಾರೂ ಇರಲಿಲ್ಲವಂತೆ. ನಾನು ಸೇರಿದ ಮೇಲೆ ಅದಕ್ಕೆ ಕಳೆ ಬಂತು. ವಿದ್ಯಾರ್ಥಿಯೊಬ್ಬ ತಪ್ಪು ಮಾಡಿದರೆ ಅವನ ಮುಖ ನೋಡುತ್ತಲೇ ನನಗೆ ಹೇಳುತ್ತಿದ್ದರು, "ಇವನ ಅಪ್ಪಗ ಯಾರರ ಹೇಳ್ರಿ, ಫೀ ತುಂಬೂದು ಬಿಟ್ಟು ಒಂದು ಎಮ್ಮಿ ತಗೋ ಅಂತ." ಹುಡುಗ ತನಗೇನೋ ಸಲಹೆ ಸಿಕ್ಕಿತೆಂದು ತಲೆಯಾಡಿಸುತ್ತಿದ್ದ. ಅವರಿಗೆ ಅದೇ ಮಜಾ.

ಅಲ್ಲಿಯ ಪ್ರಯೋಗಗಳಲ್ಲಿ ಒಂದು, ಸ್ಲಿಟ್‌ನ ಅಗಲ ಕಂಡುಹಿಡಿಯುವುದು. ಸ್ಲಿಟ್ ಎಂದರೆ ಎರಡು ಬ್ಲೇಡುಗಳ ಅಲಗನ್ನು ಎದುರುಬದುರು ಇಟ್ಟು ಮಾಡಿದ ಕೂದಲೆಳೆಯಂಥ ಸಂದು. ಅದರೊಳಗಿಂದ ಲೇಸರ್ ಹಾಯಿಸಿದರೆ ಎದುರಿನ ಗೋಡೆಯ ಮೇಲೆ ಬೆಳಕು ಒಂದು ಚುಕ್ಕೆಯಾಗಿ ಬೀಳದೆ ಅಡ್ಡಕ್ಕೆ ಹರಡುತ್ತದೆ, ನಡುನಡುವೆ ಕತ್ತಲೆಯ ತುಣುಕುಗಳು. ಕತ್ತಲೆಯಿಂದ ಕತ್ತಲೆಗೆ ಎಷ್ಟು ದೂರ ಎಂದು ಅಳೆದು ಲೆಕ್ಕ ಹಾಕಿದರೆ ಸಂದಿನ ಅಗಲ ಸಿಗುತ್ತದೆ. ಗೋಡೆಗೆ ಹಾಳೆ ಅಂಟಿಸಿ ಪೆನ್ಸಿಲಿನಿಂದ ಗುರುತು ಹಾಕುವುದು ರೂಢಿ.

ಉತ್ತರ ಎಲ್ಲರಿಗೂ ಗೊತ್ತಿತ್ತು. ಪಾಯಿಂಟ್ ಟೂ ಮಿಲಿಮೀಟರ್. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕ್ಯಾಂಟೀನಿನಲ್ಲೇ ಹೇಳಿಬಿಡುತ್ತಿದ್ದರು. ಆ ಮೇಲೆ ಪ್ರಯೋಗ ಮಾಡುವುದೆಂದರೆ ಉತ್ತರದಿಂದ ಹಿಂದಕ್ಕೆ ನಡೆಯುವುದು: ಪಾಯಿಂಟ್ ಟೂ ಬರಬೇಕಾದರೆ ಕತ್ತಲೆಗಳ ನಡುವೆ ಎಷ್ಟು ದೂರ ಇರಬೇಕೋ ಅಷ್ಟು ಬರೆದು, ನಿಜವೆನಿಸಲೆಂದು ಕೊನೆಯ ಅಂಕಿಯನ್ನು ಅಲ್ಲಿ ಇಲ್ಲಿ ಅಲುಗಿಸುವುದು. ಧಾರವಾಡದಲ್ಲಿ ನಾವೂ ಹೀಗೇ ಕಲಿತವರು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಸ್ಟ್ಯಾಂಡರ್ಡ್ ವ್ಯಾಲ್ಯೂ ಎನ್ನುತ್ತಿದ್ದರು.

ಹಿಂದಿನ ವರ್ಷ ಒಬ್ಬ ಹುಡುಗ ಹಾಗೆ ಮಾಡದೆ ಫೇಲಾಗಿದ್ದ. ಕಬ್ಬು ಬೆಳೆಯುವ ಇಂದಾಪುರ ಕಡೆಯವನು. ಕಂಡದ್ದನ್ನು ಕಂಡಂತೆ ಗುರುತು ಹಾಕಿ, ಪಾಯಿಂಟ್ ಒನ್ ಸೆವೆನ್ ಎಂದು ಬರೆದಿದ್ದ. ನಾನಿನ್ನೂ ಸೇರಿರಲಿಲ್ಲ, ಆ ದಿನದ ಕತೆಯನ್ನು ಮೂವರು ಮೂರು ಥರ ಹೇಳಿದ್ದಾರೆ. ಮೂರರಲ್ಲೂ ಇರುವುದು ಇಷ್ಟು: ಪ್ರೊಫೆಸರು ಅವನನ್ನು ಇಡೀ ಬ್ಯಾಚಿನ ಮುಂದೆ ನಿಲ್ಲಿಸಿ, ನಿಮ್ಮ ಇಂದಾಪುರದಲ್ಲಿ ಕಣ್ಣಿನ ಡಾಕ್ಟರರು ಮನುಷ್ಯರಿಗೂ ಇದ್ದಾರೋ ಎತ್ತುಗಳಿಗಷ್ಟೇ ಇದ್ದಾರೋ ಎಂದು ಕೇಳಿದರು. ಆ ಸ್ಲಿಟ್ ಪ್ರೊಫೆಸರರೇ ಕೈಯಾರೆ ಮಾಡಿದ್ದು. ಹಳೆಯದು ಒಡೆದಾಗ ಶೇವಿಂಗ್ ಬ್ಲೇಡನ್ನು ಎರಡು ಹೋಳು ಮಾಡಿ, ಮೈಕ್ರೋಸ್ಕೋಪಿನ ಕೆಳಗೆ ಸಂದನ್ನು ಸರಿಯಾಗಿ ಪಾಯಿಂಟ್ ಟೂಗೆ ಹೊಂದಿಸಿ ಅಂಟಿಸಿದ್ದೆ ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಆ ಹುಡುಗ ಮತ್ತೆ ಪರೀಕ್ಷೆಗೆ ಕೂರುವವನಿದ್ದ. ಖಾಲಿ ಪೀರಿಯಡ್ಡುಗಳಲ್ಲಿ ಬಂದು ಪ್ರಾಕ್ಟೀಸ್ ಮಾಡುತ್ತಿದ್ದ. ಊರಿನ ಹತ್ತಿರದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಿತ್ತು. ಅವನ ಮಾವ ಅಲ್ಲಿ ಕಬ್ಬು ತೂಗುವ ಗುಮಾಸ್ತ, ಯಾರ ಯಾರದೋ ಕಾಲು ಹಿಡಿದು ಆ ಜಾಗವನ್ನು ಕಾದಿರಿಸಿದ್ದ. ಬಿಎಸ್ಸಿ ಪಾಸಾದ ಕಾಗದ ತೋರಿಸಬೇಕು. ಕಬ್ಬು ಅರೆಯುವ ಹಂಗಾಮು ಶುರುವಾದ ಮೇಲೆ ತಂದರೆ ನಡೆಯದು. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಈ ಪ್ರಾಕ್ಟಿಕಲ್ ಒಂದೇ ಬಾಕಿ.

ನಾನು ಅವನನ್ನು ಮೊದಲು ನೋಡಿದ ದಿನ ಪ್ರೊಫೆಸರು ಬಾಗಿಲಲ್ಲೇ ನಿಂತು ನನಗೆ ಹೇಳಿದರು, "ಇಂವ ನೋಡ್ರಿ ನಮ್ಮ ವಿಜ್ಞಾನಿ. ಕಬ್ಬಿನ ಗದ್ಯಾಗ ಇರಬೇಕಾದಾಂವ, ಹಾದಿ ತಪ್ಪಿ ಇಲ್ಲಿಗೆ ಬಂದಾನ."

ಹುಡುಗ ಹಾಳೆಯಿಂದ ತಲೆ ಎತ್ತದೆ, "ನನಗ ಕನ್ನಡ ಬರ್ತದ್ರಿ ಸರ. ನಮ್ಮವ್ವ ಅಕ್ಕಲಕೋಟ ಕಡೀ ಆಕಿ" ಎಂದ.

ಪ್ರೊಫೆಸರು ಗಲಿಬಿಲಿಗೊಳ್ಳುತ್ತಾರೆಂದು ನಾನು ಕಾದೆ. ಅವರು ಹಾಗೆಲ್ಲ ಆಗುವ ಮನುಷ್ಯರಲ್ಲ. "ಬರ್ತದೇನು? ಭಾಳ ಛಲೋ ಆತು. ಇನ್ನ ನಿನಗ ಮರಾಠ್ಯಾಗ ಇನ್ನೊಮ್ಮೆ ಹೇಳೂ ತ್ರಾಸ ಉಳೀತು" ಎಂದು ಹೊರಟುಹೋದರು.

ಕ್ಯಾಮೆರಾ ಬಂದದ್ದು ಆಗಲೇ. ಊರಿನ ವಿಮಾನ ನಗರ ಬಡಾವಣೆಯ ಒಬ್ಬ ಏಜೆಂಟನ ಮೂಲಕ ತರಿಸಿದ್ದು, ಸಾಬೂನು ಡಬ್ಬಿಗಿಂತ ತುಸು ದೊಡ್ಡದು. ಮಾಮೂಲಿ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಇದಕ್ಕೆ ಕಾಣುವುದು ಒಂದೇ ಒಂದು ಗೆರೆ. ಗಾಜಿನ ಹಿಂದೆ ಬೆಳಕನ್ನು ಅಳೆಯುವ ಸಾವಿರಾರು ಸೂಕ್ಷ್ಮ ಕಣಗಳು ಒಂದೇ ಸಾಲಿನಲ್ಲಿ. ಎಲ್ಲಿ ಎಷ್ಟು ಬೆಳಕು ಬಿತ್ತೆಂಬುದು ಕಂಪ್ಯೂಟರಿನ ಪರದೆಯ ಮೇಲೆ ಗುಡ್ಡ ಕಣಿವೆಗಳ ಗ್ರಾಫಾಗಿ ಮೂಡುತ್ತದೆ. ಪೆನ್ಸಿಲು ಬೇಡ, ಹಾಳೆ ಬೇಡ, ಕಣ್ಣೂ ಬೇಡ.

ಅದನ್ನು ಹೂಡಲು ಜೊತೆಗೆ ಸಿಕ್ಕಿದವನು ಅವನೇ. ಮೊದಲು ಕಂಪ್ಯೂಟರು ಅದನ್ನು ಗುರುತಿಸಲಿಲ್ಲ. ಸಿಡಿ ಹಾಕಿದೆವು, ತೆಗೆದೆವು, ವೈರನ್ನು ಹಿಂದಿನ ಕಿಂಡಿಗೆ ಬದಲಿಸಿದೆವು. ಕೊನೆಗೆ ಗುರುತಿಸಿತು, ಆದರೆ ಪರದೆಯ ಮೇಲೆ ಬರೀ ನೆಲ. ಕಣಗಳ ಸಾಲು ಕೂದಲಿನಷ್ಟು ಎತ್ತರ. ಲೇಸರಿನ ಬೆಳಕು ಅದರ ಮೇಲೋ ಕೆಳಗೋ ಹಾಯುತ್ತಿತ್ತು. ಕ್ಯಾಮೆರಾದ ಅಡಿಗೆ ಒಂದೊಂದೇ ಪೋಸ್ಟ್‌ಕಾರ್ಡು ತುರುಕಿ ಎತ್ತರಿಸಿದೆವು. ಬೆಳಕು ಸಾಲಿಗೆ ಬಿದ್ದದ್ದೇ ಗ್ರಾಫು ಒಮ್ಮೆಲೇ ಎದ್ದು, ಗುಡ್ಡದ ತಲೆ ಚಾಕುವಿನಿಂದ ಕತ್ತರಿಸಿದಂತೆ ಚಪ್ಪಟೆಯಾಯಿತು. ಬೆಳಕು ಹೆಚ್ಚಾದರೆ ಅದು ಅಳೆಯುವುದನ್ನೇ ನಿಲ್ಲಿಸುತ್ತದೆ. ಲೇಸರಿನ ಮುಂದೆ ಕಪ್ಪು ಫಿಲ್ಮಿನ ತುಂಡು ಹಿಡಿದು, ಬೆಳಕು ಸಂಗ್ರಹಿಸುವ ಸಮಯವನ್ನು ಇಳಿಸಿದೆವು. ಟ್ಯೂಬ್‌ಲೈಟು ಆರಿಸಿ ಕಿಟಕಿಗೆ ಕರಿ ಬಟ್ಟೆ ಕಟ್ಟಿದೆವು. ಲೇಸರ್ ಮುಚ್ಚಿ, ಖಾಲಿ ಕತ್ತಲೆಯ ಗ್ರಾಫನ್ನು ತೆಗೆದು, ಅದನ್ನು ಅಳತೆಯಿಂದ ಕಳೆಯಲು ಕಂಪ್ಯೂಟರಿಗೆ ಹೇಳಿದೆವು. ಆಮೇಲೆ ಲೇಸರ್ ತೆರೆದಾಗ ನಡುವೆ ಒಂದು ದೊಡ್ಡ ಗುಡ್ಡ, ಎರಡೂ ಬದಿಗೆ ಮರಿಗುಡ್ಡಗಳು, ನಡುವಿನ ಕಣಿವೆಗಳು ನೆಲ ಮುಟ್ಟುವಷ್ಟು ಚೊಕ್ಕ.

ಲೆಕ್ಕ ಹಾಕಿದೆ. ಪಾಯಿಂಟ್ ಒನ್ ಸೆವೆನ್.

ನನ್ನ ಸ್ವಭಾವದಂತೆ ಮೊದಲು ನನ್ನ ಮೇಲೇ ಅನುಮಾನಪಟ್ಟೆ. ಸ್ಲಿಟ್‌ನಿಂದ ಕ್ಯಾಮೆರಾಗಿರುವ ದೂರವನ್ನು ಮತ್ತೆ ಅಳೆದೆ. ಒಂದೊಂದು ಕಣದ ಅಗಲ ಎಂಟು ಮೈಕ್ರಾನ್ ಎಂದು ಕ್ಯಾಮೆರಾದ ಅಡಿಯ ಚೀಟಿಯಲ್ಲಿ ಅಚ್ಚಾಗಿತ್ತು. ತಂತ್ರಾಂಶದಲ್ಲಿ ತುಂಬಿದ್ದೂ ಎಂಟೇ. ಕೊನೆಗೆ ಸ್ಲಿಟ್ಟನ್ನು ಬಿಚ್ಚಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಅಲ್ಲೂ ಒನ್ ಸೆವೆನ್. ಅಂಟು ಒಣಗುವಾಗ ಬ್ಲೇಡನ್ನು ಒಳಕ್ಕೆ ಎಳೆದಿರಬೇಕು. ಅಂದರೆ ಇಷ್ಟು ವರ್ಷ ಆ ಸ್ಲಿಟ್‌ನಿಂದ ಪಾಯಿಂಟ್ ಟೂ ತೆಗೆದವರೆಲ್ಲ ಕಾಣದ್ದನ್ನು ಬರೆದು ಪಾಸಾಗಿದ್ದರು.

"ನೀ ಹೋದ ವರ್ಷ ಸರಿಯಾಗೇ ನೋಡಿದ್ದಿ" ಎಂದೆ. ನನಗೆ ಖುಷಿಯಾಗಿತ್ತು. ನ್ಯಾಯ ಸಿಕ್ಕಿತೆಂಬ ಹುಂಬ ಖುಷಿ.

ಅವನ ಮುಖದಲ್ಲಿ ಏನೂ ಅರಳಲಿಲ್ಲ. "ಹಂಗಾದ್ರ ಈ ವರ್ಷ ಏನು ಬರೀಬೇಕ್ರಿ?" ಎಂದು ಕೇಳಿದ.

"ಕಂಡದ್ದು ಬರಿ. ಈಗ ಸಾಕ್ಷಿ ಅದ ಅಲ್ಲ?"

ಪ್ರೊಫೆಸರಿಗೆ ಮಾರನೆಯ ದಿನ ಹೇಳಿದೆ. ಅವರು ಗ್ರಾಫನ್ನು ನೋಡಿದರು, ಮೈಕ್ರೋಸ್ಕೋಪಿನ ಹತ್ತಿರ ಹೋಗಲಿಲ್ಲ. "ಕ್ಯಾಮೆರಾ ಸುಳ್ಳು ಹೇಳಾಕತ್ತದ. ಪಾಯಿಂಟ್ ಟೂ ಬರೂ ಹಂಗ ಮಾಡು" ಎಂದರು. ಅದು ಸುಳ್ಳು ಹೇಳುತ್ತಿಲ್ಲ, ಅದನ್ನು ಸುಳ್ಳು ಹೇಳುವಂತೆ ಮಾಡುವುದು ನನ್ನಿಂದಾಗದು ಎಂದೆ. ಅವರು ನಕ್ಕರು. ಎಂದೂ ಕಂಪ್ಯೂಟರ್ ಮುಟ್ಟದವರು ಕುರ್ಚಿ ಎಳೆದುಕೊಂಡು ಕೂತರು. ಕಣದ ಅಗಲ ತುಂಬುವ ಚೌಕವನ್ನು ಹುಡುಕಿ, ಒಂದೇ ಬೆರಳಿನಿಂದ ಎಂಟನ್ನು ಅಳಿಸಿ ಒಂಬತ್ತು ಒತ್ತಿದರು. ಉತ್ತರ ಇನ್ನೂ ಕೆಳಗಿಳಿಯಿತು. ಹುಬ್ಬು ಗಂಟಿಕ್ಕಿ, ಹಾಳೆಯ ಮೇಲೆ ಸೂತ್ರ ಬರೆದು, ಯೋಚಿಸಿ, ಆರು ದಶಾಂಶ ಎಂಟು ಒತ್ತಿದರು. ಪಾಯಿಂಟ್ ಟೂ ಬಂತು. ಆ ಲ್ಯಾಬಿನಲ್ಲಿ ಅವರು ನಿಜವಾಗಿ ಫಿಸಿಕ್ಸ್ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನೋಡು ತಮ್ಮಾ," ಎಂದರು ಏಳುತ್ತ, "ಯಂತ್ರಕ್ಕ ಸುದ್ದಾ ಶಿಸ್ತು ಕಲಿಸಬೇಕಾಗ್ತದ."

ಪರೀಕ್ಷೆಯ ದಿನ ಹುಡುಗನಿಗೆ ಚೀಟಿ ಎತ್ತಿದಾಗ ಬಂದದ್ದು ಅದೇ ಪ್ರಯೋಗ. ಪ್ರೊಫೆಸರು ಚೀಟಿಗಳನ್ನು ಹೇಗೋ ಹಾಗೆ ಜೋಡಿಸಿದ್ದರೆಂದು ಎಷ್ಟೋ ವರ್ಷ ನಂಬಿದ್ದೆ. ಈಗ ಆ ನಂಬಿಕೆಗೆ ಆಧಾರ ಕಾಣುತ್ತಿಲ್ಲ. ಬೇರೆ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು, ಮರಾಠಿಯವರು, ದೌಂಡಿಗೆ ಹೋಗುವ ರೈಲುಗಾಡಿ ಹಿಡಿಯುವ ಅವಸರದಲ್ಲಿದ್ದರು.

ಹುಡುಗ ಕ್ಯಾಮೆರಾ ಹೂಡಿದ ರೀತಿ ನೋಡಿ ನನಗೇ ಹೆಮ್ಮೆಯಾಯಿತು. ಎಲ್ಲಿಯೂ ತಡವರಿಸಲಿಲ್ಲ. ಗ್ರಾಫು ಬಂದಾಗ ಪಾಯಿಂಟ್ ಟೂ ಎಂಬ ಉತ್ತರ ನೋಡಿದ. ಆಮೇಲೆ ಕಣದ ಅಗಲದ ಚೌಕ ತೆರೆದ. ಆರು ದಶಾಂಶ ಎಂಟನ್ನು ನೋಡಿದ. ಅಳಿಸಿ ಎಂಟು ಒತ್ತಿದ. ಪರದೆಯ ಗುಡ್ಡಗಳು ಅಲುಗಲಿಲ್ಲ, ಕೆಳಗಿನ ಅಂಕಿಗಳು ಮಾತ್ರ ಬದಲಾದವು. ನಾನು ಹಿಂದೆಯೇ ನಿಂತಿದ್ದೆ. ಅವನು ಒನ್ ಸೆವೆನ್ನನ್ನು ನೋಡಿದ. ಮತ್ತೆ ಎಂಟನ್ನು ಅಳಿಸಿ, ಪ್ರೊಫೆಸರರ ಅಂಕಿಯನ್ನು ವಾಪಸು ತುಂಬಿ, ಉತ್ತರಪತ್ರಿಕೆಯಲ್ಲಿ ಪಾಯಿಂಟ್ ಟೂ ಬರೆದ.

ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯಲು ಪ್ರೊಫೆಸರು ಬಿಡಲಿಲ್ಲ. ಮೌಖಿಕ ಪ್ರಶ್ನೆಗಳ ಹೊತ್ತಿಗೆ ಪರೀಕ್ಷಕರ ಪಕ್ಕದಲ್ಲಿ ಕೂತು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಕೇಳಿದರು, "ಹೋದ ವರ್ಷ ಒನ್ ಸೆವೆನ್ ಅಂದಿದ್ದಿ. ಈ ವರ್ಷ ಟೂ. ಏನಪ್ಪಾ, ಸ್ಲಿಟ್ ಊಟ ಮಾಡಿ ದಪ್ಪಗಾಯಿತೇ?"

ಉಳಿದ ಹುಡುಗರು ನಕ್ಕರು. ಅವನು, "ಹೋದ ವರ್ಷ ತಪ್ಪು ನೋಡಿದ್ದೆ ಸರ್" ಎಂದ.

"ಕಣ್ಣು ಕೆಟ್ಟಿತ್ತೋ, ತಲೆ ಕೆಟ್ಟಿತ್ತೋ?"

ಅವನು ಪರೀಕ್ಷಕರ ಮುಂದಿದ್ದ ತನ್ನ ಉತ್ತರಪತ್ರಿಕೆಯತ್ತ ನೋಡಿದ.

"ಪರೀಕ್ಷಕರು ಕಾಯುತ್ತಿದ್ದಾರೆ. ಅವರಿಗೆ ಗಾಡಿ ಇದೆ."

"ತಲೆ ಸರ್."

"ಜೋರಾಗಿ ಹೇಳು. ಹಿಂದಿನ ಬೆಂಚಿಗೆ ಕೇಳಿಸಲಿಲ್ಲ."

"ತಲೆ ಕೆಟ್ಟಿತ್ತು ಸರ್."

ನನಗೆ ತಡೆಯಲಾಗಲಿಲ್ಲ. ಪರೀಕ್ಷಕರ ಹತ್ತಿರ ಹೋಗಿ, ನನ್ನ ಹರಕು ಮರಾಠಿಯಲ್ಲಿ, ಆ ಸ್ಲಿಟ್ ನಿಜಕ್ಕೂ ಒನ್ ಸೆವೆನ್, ನಾನೇ ಮೈಕ್ರೋಸ್ಕೋಪಿನಲ್ಲಿ ಅಳೆದಿದ್ದೇನೆ, ಹುಡುಗ ಹೋದ ವರ್ಷ ಹೇಳಿದ್ದೇ ಸರಿ ಎಂದೆ. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಹುಡುಗನ ಉತ್ತರಪತ್ರಿಕೆ ಅವರ ಮುಂದಿತ್ತು, ಅದರಲ್ಲಿ ಪಾಯಿಂಟ್ ಟೂ ಇತ್ತು. ನನ್ನ ಮಾತು ನಿಜವಾದರೆ ಅವನ ಈ ವರ್ಷದ ಉತ್ತರ ಸುಳ್ಳು ಎಂದಾಗುತ್ತದೆ. ಅದು ನನಗೆ ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ. ಅವನಿಗೆ ಮೊದಲೇ ಹೊಳೆದಿತ್ತು.

"ಏನು ಮಗೂ," ಪರೀಕ್ಷಕರು ಅವನನ್ನು ಕೇಳಿದರು, "ಈ ಸರ್ ಹೀಗೆ ಹೇಳುತ್ತಾರೆ. ನೀನು ಏನು ಹೇಳುತ್ತಿ?"

ಅವನು ನನ್ನನ್ನು ನೋಡಲಿಲ್ಲ. "ಸರ್ ಆ ದಿನ ದೂರ ತಪ್ಪು ಅಳೆದಿರಬೇಕು. ನಾನೂ ಜೊತೆಗಿದ್ದೆ. ಕ್ಯಾಮೆರಾ ಸರಿಯಾಗಿ ಕೂತಿರಲಿಲ್ಲ. ಸ್ಲಿಟ್ ಪಾಯಿಂಟ್ ಟೂನೇ."

ಪರೀಕ್ಷಕರು ನಕ್ಕು ಅಂಕ ಹಾಕಿದರು. ಪ್ರೊಫೆಸರು ನನ್ನ ಕಡೆ ತಿರುಗಿ, ಈ ಸಲ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ, ಬಹುಪಾಲು ಪ್ರೀತಿಯಿಂದಲೇ ಹೇಳಿದರು, "ಕೇಳಿದೇನೋ? ಹುಡುಗ ಕಲ್ತಾನ. ನೀ ಯಾವಾಗ ಕಲೀತಿ?"

ಸಂಜೆ ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ನಾನು ಹುಡುಕಿಕೊಂಡು ಹೋದೆನೋ, ಅಕಸ್ಮಾತ್ ಸಿಕ್ಕನೋ. ಹುಡುಕಿಕೊಂಡೇ ಹೋಗಿರಬೇಕು, ನನ್ನ ರೂಮು ಬೇರೆ ದಿಕ್ಕಿಗಿತ್ತು. ಇಂದಾಪುರದ ಕೆಂಪು ಬಸ್ಸಿನ ಕಿಟಕಿಯಲ್ಲಿ ಕೂತಿದ್ದ. ಅವನು ಕಣದ ಅಗಲದ ಚೌಕ ತೆರೆದು ನೋಡಿದ್ದನ್ನು ನಾನು ಕಂಡೆ ಎಂದೆ.

"ನೋಡಿದ್ನಿರಿ. ನೋಡದ ಹೆಂಗ ಇರ್ಲಿ?"

"ನಾ ನಿನ್ನ ಪರವಾಗಿ ಮಾತಾಡಿದ್ದೆ."

"ನೀವು ನಿಮ್ಮ ಒನ್ ಸೆವೆನ್ ಪರವಾಗಿ ಮಾತಾಡಿದ್ರಿ ಸರ. ಅವರು ನನ್ನ ಬೈದ್ರು, ಬೈಸಿಕೊಂಡ್ರ ಮುಗೀತಿತ್ತು. ನೀವು ಬಂದು ನನ್ನ ಪೇಪರಿಗೇ ಕೈ ಹಾಕಿದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತಿದ್ದುವ ಮಾಸ್ತರನ ತಾಳ್ಮೆಯಿತ್ತು.

ಕಾರ್ಖಾನೆಯ ಕೆಲಸ ಏನು ಎಂದು ಕೇಳಿದೆ.

"ಕಬ್ಬಿನ ರಸದಾಗ ಸಕ್ಕರಿ ಎಷ್ಟದ ಅಂತ ಅಳೀಬೇಕ್ರಿ. ಅದರ ಮ್ಯಾಲೆ ರೈತರಿಗೆ ರೇಟು." ಡ್ರೈವರು ಹತ್ತಿ ಕೂತ. ಬಸ್ಸು ನಡುಗತೊಡಗಿತು. ಹುಡುಗ ಕಿಟಕಿಯ ಸರಳು ಹಿಡಿದುಕೊಂಡು, ಹೊಸ ಕೆಲಸಕ್ಕೆ ಹೊರಟವನ ಉತ್ಸಾಹದಿಂದ ಹೇಳಿದ, "ಅಲ್ಲೂ ಒಂದು ಸ್ಟ್ಯಾಂಡರ್ಡ್ ವ್ಯಾಲ್ಯೂ ಇರ್ತದಲ್ರಿ. ಮೊದಲನೇ ದಿನಾನೇ ಕೇಳಿ ಇಟ್ಕೋತೀನಿ."