ಎಣಿಸದೆ ಹೇಳಿದ ರೈಟ್

ಚಿಕ್ಕೋಡಿ ಡಿಪೋದಲ್ಲಿ ನಾನು, ಮಲಕಾರಿ, ಡ್ರೈವರ್; ಉಸ್ಮಾನ ಕಂಡಕ್ಟರ್. ಡ್ಯೂಟಿ ಚಾರ್ಟು ಎಷ್ಟು ಸಲ ಬದಲಾದರೂ ತಿರುಗಿ ಮುರುಗಿ ನಾವಿಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದೆವು. ಹೀಗೆ ಹತ್ತೊಂಬತ್ತು ವರ್ಷ. ಅವನು ಬಾಗಿಲಲ್ಲಿ ನಿಂತು ‘ರೈಟ್’ ಅಂದರೆ ನಾನು ಕನ್ನಡಿ ಕೂಡ ನೋಡದೆ ಗೇರು ಹಾಕುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಮಾತನ್ನೂ ನಾನು ಇಷ್ಟು ನಂಬಿದವನಲ್ಲ.

ನಂಬಿಕೆಗೆ ಕಾರಣವಿತ್ತು. ಉಸ್ಮಾನ ಯಾರನ್ನೂ ನಂಬುತ್ತಿರಲಿಲ್ಲ. ಟಿಕೆಟ್ ಆಗಿದೆ ಅಂದರೆ ತೋರಿಸಿ ಅನ್ನುವನು. ಮಗುವಿಗೆ ಐದು ವರ್ಷ ಅಂತ ತಾಯಿ ಹೇಳಿದರೆ ಮಗುವನ್ನೇ ಕೇಳುವನು. ಪ್ರತಿ ಸ್ಟಾಪಿನಲ್ಲೂ ತಲೆ ಎಣಿಸಿದ ಮೇಲೆಯೇ ಅವನ ಬಾಯಿಂದ ಆ ಶಬ್ದ ಬರುತ್ತಿದ್ದದ್ದು. ಪ್ರಯಾಣಿಕರು ಅವನನ್ನು ಸಿಡುಕ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಗಳನ್ನು ಮಿರಜಿಗೆ ಕೊಟ್ಟಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ, ಎರಡು ಹೊತ್ತು ಖಾನಾವಳಿ ಊಟ. ದಿನಕ್ಕೆ ನಾನೂರು ಮಂದಿಯ ಜೊತೆ ಮಾತಾಡುವ ಆ ಮನುಷ್ಯನ ಫೋನು, ಡಿಪೋದವರು ಮಾಡಿದ್ದು ಬಿಟ್ಟರೆ, ರಿಂಗ್ ಆಗಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಹಜ್ ಯಾತ್ರಿಕರ ಜೊತೆ ಸರ್ಕಾರಿ ನೌಕರರನ್ನು ಸೇವೆಗೆ ಕಳಿಸುವ ಪದ್ಧತಿ ಇದೆ. ಖಾದಿಮ್ ಅನ್ನುತ್ತಾರೆ, ಅಂದರೆ ಸೇವಕ. ನೂರೈವತ್ತು ಯಾತ್ರಿಕರಿಗೆ ಒಬ್ಬ, ಹೆಚ್ಚುಕಡಿಮೆ ನಲವತ್ತು ದಿನ. ಒತ್ತಾಯವೇನಿಲ್ಲ, ಮನಸ್ಸಿದ್ದವರು ಅರ್ಜಿ ಹಾಕಬೇಕು. ಎರಡು ವರ್ಷದ ಹಿಂದೆ ಉಸ್ಮಾನ ಅರ್ಜಿ ಹಾಕಿದಾಗ ನಾನು ನಕ್ಕೆ. ಇಲ್ಲಿಯ ಮಂದಿಯ ಜೊತೆ ಜಗಳವಾಡಿದ್ದು ಸಾಲದೆ ಪರದೇಶಕ್ಕೆ ಬೇರೆ ಹೋಗಬೇಕೇ ಅಂದೆ. ಅವನು ನಗಲಿಲ್ಲ. ಜೂನಿಗೆ ಮೊದಲೇ ಹೊರಟುಹೋದ.

ಅವನ ಪಾಲಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಸೀಮೆಯವರೇ. ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗದ ಕಡೆಯವರು. ಲಿಫ್ಟಿಗೆ ಹೆದರುವವರು, ಚಪ್ಪಲಿ ಕಳೆದುಕೊಂಡವರು, ಸಕ್ಕರೆ ಕಾಯಿಲೆಯ ಗುಳಿಗೆ ಮರೆತು ಬಂದವರು, ಮಕ್ಕಾದಲ್ಲಿ ಕೂತು ಜೋಳದ ಭಕ್ರಿ ಬೇಕು ಅನ್ನುವವರು. ವಾರಕ್ಕೊಮ್ಮೆ ಅವನು ನನಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಐದು ನಿಮಿಷವಾಗುವುದರೊಳಗೆ ಯಾರೋ ಬಾಗಿಲು ಬಡಿದು ‘ಉಸ್ಮಾನಭಾಯ್’ ಅನ್ನುವರು. ಬೈದುಕೊಳ್ಳುತ್ತಲೇ ಏಳುವನು, ಆದರೆ ಮುಖ ಮಾತ್ರ ಅರಳಿರುತ್ತಿತ್ತು. ಅವರಿಗೆ ಅವನು ಬೇಕಾಗಿದ್ದ. ಅದಕ್ಕಿಂತ ಹೆಚ್ಚಾಗಿ ಅವನಿಗೆ ಅವರು ಬೇಕಾಗಿದ್ದರು.

ಆ ನೂರೈವತ್ತರಲ್ಲಿ ಒಬ್ಬಾಕೆ ಅಲಖನೂರಿನ ಸರ್ವರಬಿ. ವಯಸ್ಸು ಎಪ್ಪತ್ತರ ಹತ್ತಿರ, ಗಂಡ ಮಕ್ಕಳಿಲ್ಲ, ಅಣ್ಣನ ಮಗ ಇಸ್ರಾರನ ಜೊತೆ ಬಂದಿದ್ದಳು. ನಲವತ್ತು ವರ್ಷ ಬಳೆಯ ಗಂಟು ಹೊತ್ತು ಊರೂರು ತಿರುಗಿದ ಹೆಂಗಸು. ರಾಯಬಾಗದ ಸಂತೆಗೂ ಚಿಕ್ಕೋಡಿಯ ಮದುವೆ ಮನೆಗಳಿಗೂ ಒಬ್ಬಳೇ ಬಸ್ಸು ಹತ್ತಿ ಬರುತ್ತಿದ್ದಳು. ನಮ್ಮ ಬಸ್ಸಿನಲ್ಲೂ ಎಷ್ಟೋ ಸಲ ಬಂದಿದ್ದಾಳೆ. ದಾರಿ ತಪ್ಪುವ ಪೈಕಿ ಅಲ್ಲವೇ ಅಲ್ಲ.

ಮುಜ್ದಲಿಫಾ ಅನ್ನುವ ಬಯಲಲ್ಲಿ ಯಾತ್ರಿಕರು ಒಂದು ರಾತ್ರಿ ತಂಗಿ, ಮರುದಿನ ಸೈತಾನನಿಗೆ ಹೊಡೆಯುವ ಕಲ್ಲುಗಳನ್ನು ಅಲ್ಲಿಂದ ಆರಿಸಿಕೊಳ್ಳುತ್ತಾರಂತೆ. ಬೆಳಗಿನ ನಮಾಜು ಮುಗಿದ ಮೇಲೆ ಇವರನ್ನು ಒಯ್ಯಲು ಎರಡು ಬಸ್ಸು ಬಂದವು. ಹಿಂದೆ ಇನ್ನಷ್ಟು ಬಸ್ಸುಗಳು ನಿಂತು ಹಾರ್ನ್ ಹೊಡೆಯುತ್ತಿದ್ದವು. ಉಸ್ಮಾನನಿಗೆ ಎರಡು ದಿನದಿಂದ ಕಣ್ಣು ಮುಚ್ಚಲು ಆಗಿರಲಿಲ್ಲ. ಎಣಿಸಲೆಂದು ಬೆರಳೆತ್ತಿದ. ಒಳಗಿನಿಂದ ಯಾರೋ ಎಲ್ಲರೂ ಬಂದಿದ್ದಾರೆ, ಬಿಡಿ ಅಂದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನು ಪ್ರಯಾಣಿಕರ ಮಾತು ನಂಬಿದ. ಬೆರಳು ಇಳಿಸಿ ‘ರೈಟ್’ ಅಂದ. ಸರ್ವರಬಿ ಕೈಕಾಲು ತೊಳೆಯಲು ನಲ್ಲಿಯ ಸಾಲಿನಲ್ಲಿ ನಿಂತಿದ್ದಳು. ಹೆಂಗಸರು ಆಕೆ ಇಸ್ರಾರನ ಬಸ್ಸಿನಲ್ಲಿದ್ದಾಳೆ ಅಂದುಕೊಂಡರು, ಇಸ್ರಾರ ಹೆಂಗಸರ ಬಸ್ಸಿನಲ್ಲಿದ್ದಾಳೆ ಅಂದುಕೊಂಡ.

ಆಕೆ ಸಿಕ್ಕಿದ್ದು ಹನ್ನೊಂದು ತಾಸಿನ ಮೇಲೆ, ದಾರಿ ತಪ್ಪಿದವರನ್ನು ಕೂರಿಸುವ ಡೇರೆಯೊಂದರಲ್ಲಿ. ತುಟಿ ಒಡೆದಿದ್ದವು. ಆರಿಸಿದ ಕಲ್ಲುಗಳ ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಅಂದೇ ಜ್ವರ ಹತ್ತಿ ಆಕೆಗೆ ಮೇಲೇಳಲಾಗದೆ, ಕಲ್ಲು ಹೊಡೆಯುವ ಮೂರು ದಿನವೂ ಆಕೆಯ ಪಾಲಿನ ಕಲ್ಲನ್ನು ಇಸ್ರಾರನೇ ಹೊಡೆದು ಬಂದ. ಅಷ್ಟು ದೂರ ಹೋಗಿ ಆಕೆ ತನ್ನ ಕೈಯಾರೆ ಒಂದು ಕಲ್ಲನ್ನೂ ಎಸೆಯಲಿಲ್ಲ.

ಉಸ್ಮಾನ ಮಾಡಿದ್ದೇನು? ಆಕೆಯನ್ನು ಕಂಡೊಡನೆ, ಎಲ್ಲರೆದುರು, ಹೇಳಿ ಹೋಗಲು ಬಾಯಿರಲಿಲ್ಲವೇ ಎಂದು ಗದರಿದ. ಬಸ್ಸಿನಲ್ಲಿ ಗದರುವ ಹಾಗೆಯೇ. ಅಲ್ಲಿಂದ ಮುಂದೆ ಅವರೆಲ್ಲ ಇಳಿದುಕೊಂಡಿದ್ದ ಕಟ್ಟಡದಲ್ಲಿ ಸರ್ವರಬಿ ಅಂದರೆ ‘ಕಳೆದುಹೋದ ಮುದುಕಿ’. ಮದೀನಾದಲ್ಲಿ ಇಸ್ರಾರ ಆಕೆಯನ್ನು ಖೋಲಿಯಿಂದ ಹೊರಗೆ ಬಿಡಲು ಹೆದರಿದ. ಮಸೀದಿಗೆ ಹೋಗುವುದಿದ್ದರೂ ಯಾರಾದರೂ ಕೈ ಹಿಡಿದು ಕರೆದೊಯ್ಯಬೇಕು. ಉಸ್ಮಾನ ಎಲ್ಲವನ್ನೂ ನೋಡುತ್ತ ಸುಮ್ಮನಿದ್ದ.

ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮಾಫ್ ಮಾಡಬೇಕು, ದೇವರು ಅದರಲ್ಲಿ ಕೈ ಹಾಕುವುದಿಲ್ಲ ಎಂದು ಅವರಲ್ಲಿ ಹೇಳುತ್ತಾರೆ. ಅದು ಅವನಿಗೆ ಗೊತ್ತಿತ್ತು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ದೂಡಿದ. ಹೇಳಿದರೆ ಬಾಗಿಲು ಬಡಿಯುವವರು ಬರುವುದೇ ನಿಂತುಹೋಗುತ್ತದೆ ಎಂಬ ಭಯ. ಇದು ನನಗೆ ಅರ್ಥವಾಗುತ್ತದೆ, ಆದರೂ ಸಿಟ್ಟು ಬರುತ್ತದೆ.

ಕೊನೆಯ ದಿನ ಬಂತು. ಮಧ್ಯಾಹ್ನ ಹೋಟೆಲಿನ ಕೆಳಗೆ ಸಾಮಾನೆಲ್ಲ ಇಳಿಸಿ, ವಿಮಾನ ನಿಲ್ದಾಣದ ಬಸ್ಸಿಗೆ ಕಾಯುತ್ತಿದ್ದರು. ಉಸ್ಮಾನನಿಗೆ ಶಾಲು ಹೊದಿಸಿದರು, ಅಪ್ಪಿಕೊಂಡರು, ಗಂಡಸರೂ ಅತ್ತರು. ಅಗಲುವಾಗ ಅವರಲ್ಲಿ ಒಂದು ಮಾತಿದೆ: ‘ಕಹಾ ಸುನಾ ಮಾಫ್ ಕರೋ’. ಅಂದದ್ದು ಆಡಿದ್ದು ಏನಿದ್ದರೂ ಮಾಫ್ ಮಾಡಿ ಅಂತ. ಎಲ್ಲರೂ ಎಲ್ಲರಿಗೂ ಹೇಳುತ್ತಾರೆ, ‘ಮಾಫ್, ಮಾಫ್’ ಅನ್ನುತ್ತಾರೆ, ಮುಂದಿನವರ ಕಡೆ ತಿರುಗುತ್ತಾರೆ. ನಾವು ಹೋಗಿ ಬರ್ತೀವಿ ಅಂದ ಹಾಗೆ. ಅವನು ಉಳಿದವರೆಲ್ಲರಿಗೂ ಹೇಳಿ, ಕೊನೆಗೆ ಲಿಫ್ಟಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಸರ್ವರಬಿಯ ಮುಂದೆ ಹೋಗಿ ನಿಂತ. ಎಲ್ಲವನ್ನೂ ಬಿಚ್ಚಿ ಹೇಳಬೇಕು ಅಂತಲೇ ಹೋಗಿದ್ದ. ಬಾಯಿಗೆ ಬಂದದ್ದು ಮಾತ್ರ ನನ್ನನ್ನು ಮಾಫ್ ಮಾಡಿ ಖಾಲಾ, ಅಂದರೆ ಚಿಕ್ಕಮ್ಮ, ಎಂದಷ್ಟೇ. ಆಕೆ ತಸಬಿಯ ಮಣಿ ಎಣಿಸುತ್ತಲೇ ಎಲ್ಲರಿಗೂ ಅಂದಂತೆ ‘ಮಾಫ್ ಬೇಟಾ, ಮಾಫ್’ ಅಂದಳು. ಅಷ್ಟರಲ್ಲಿ ಬಸ್ಸು ಬಂತು. ಕೇಳಬೇಕಾದ ಮಾತು ಬೀಳ್ಕೊಡುವ ಮಾತಾಗಿ ಖರ್ಚಾಗಿಹೋಯಿತು.

ಬೆಂಗಳೂರಿನಲ್ಲಿ ಇಳಿದಾಗ ಒಬ್ಬೊಬ್ಬರಿಗೂ ಒಂದೊಂದು ಗಾಡಿ ಬಂದಿತ್ತು. ಹೂವಿನ ಮಾಲೆ, ಮೊಮ್ಮಕ್ಕಳು, ಅಳು. ಎಲ್ಲರನ್ನೂ ಅವರವರ ಮನೆಯವರು ಸುತ್ತುವರಿದರು. ಉಸ್ಮಾನ ಒಂದು ಕಂಬದ ಹತ್ತಿರ ನಿಂತು ಯಾರ ಸಾಮಾನು ಯಾರಿಗೆ ಸಿಕ್ಕಿತು ನೋಡುತ್ತಿದ್ದನಂತೆ. ಅರ್ಧ ತಾಸಿನಲ್ಲಿ ಅಲ್ಲಿ ಯಾರೂ ಉಳಿಯಲಿಲ್ಲ. ಅವನು ನಮ್ಮದೇ ಸಂಸ್ಥೆಯ ಬಸ್ಸು ಹತ್ತಿ ಊರಿಗೆ ಬಂದ.

ಆಮೇಲೆ ಅವನ ಫೋನು ರಿಂಗ್ ಆಗತೊಡಗಿತು. ಹಾಜಿಗಳ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಸಲಾಮುಗಳು. ಅಥಣಿಯಲ್ಲಿ ಊಟಕ್ಕೆ ಕರೆದರು, ಉಗಾರ ಖುರ್ದದಲ್ಲಿ ಮದುವೆಗೆ ಕರೆದರು. ನಿಪ್ಪಾಣಿಯ ತಂಬಾಕು ವ್ಯಾಪಾರಿ ಫಿರೋಜ ಜನವರಿಯಲ್ಲಿ ತನ್ನ ಮನೆಯಲ್ಲಿ ಎಲ್ಲ ಹಾಜಿಗಳನ್ನೂ ಸೇರಿಸುವುದಾಗಿಯೂ ಅಲ್ಲಿ ಉಸ್ಮಾನನಿಗೆ ಸತ್ಕಾರ ಮಾಡುವುದಾಗಿಯೂ ಗುಂಪಿನಲ್ಲಿ ಹಾಕಿದ. ಉಸ್ಮಾನ ಹೊಸ ಬಟ್ಟೆ ಹೊಲಿಸಲು ಹಾಕಿದ. ಮದುವೆಗೆ ಹೊರಟ ನವರದೇವ ಅಂತ ನಾನು ರೇಗಿಸಿದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಇಸ್ರಾರ ನಮ್ಮ ಬಸ್ಸು ಹತ್ತಿದ. ಖಾಲಾ ಹೇಗಿದ್ದಾರೆ ಅಂತ ಉಸ್ಮಾನ ಕೇಳಿದ. ಆಕೆಯನ್ನು ಈಗ ಹೊರಗೆ ಬಿಡುವುದಿಲ್ಲ, ಬಳೆ ವ್ಯಾಪಾರ ಬಿಡಿಸಿದ್ದೇವೆ ಎಂದು ಇಸ್ರಾರ ಹೇಳಿ, “ಮಕ್ಕಾದಾಗ ಕಳದಾಕಿ ಸಿಕ್ಕಳ್ರಿ. ರಾಯಬಾಗ ಸಂತ್ಯಾಗ ಕಳದ್ರ ಎಲ್ಲೆ ಹುಡಕೂದು?” ಎಂದು ನಕ್ಕ. ಸುತ್ತಲಿನವರೂ ನಕ್ಕರು. ರಾಯಬಾಗ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಉಸ್ಮಾನ ನನ್ನ ಹಿಂದಿನ ಸೀಟಿನಲ್ಲಿ ಕೂತು, ಇಷ್ಟು ಹೊತ್ತು ನಾನು ಬರೆದದ್ದನ್ನೆಲ್ಲ ಹೇಳಿದ. ನಾನು ಸಮಾಧಾನ ಹೇಳಲಿಲ್ಲ. ಹನ್ನೊಂದು ತಾಸು ಬಿಟ್ಟು ಹೋದದ್ದಕ್ಕಿಂತ ಐದು ತಿಂಗಳು ಬಾಯಿ ಮುಚ್ಚಿದ್ದು ದೊಡ್ಡ ತಪ್ಪು ಅಂದೆ. ನೀನೂ ಜೊತೆಗೆ ಬಾ, ಒಬ್ಬನಿಗೆ ಆಗುವುದಿಲ್ಲ ಅಂದ.

ವಾರದ ರಜೆಯ ದಿನ ಇಬ್ಬರೂ ಅಲಖನೂರಿಗೆ ಹೋದೆವು. ಇಸ್ರಾರ ಖಾದಿಮ್ ಸಾಹೇಬರು ಬಂದರು ಅಂತ ಓಡಾಡಿ ಚಹಾ ತರಿಸಿದ. ಸರ್ವರಬಿ ಬಾಗಿಲ ಪಕ್ಕ ಕೂತಿದ್ದಳು. ಕೈಯಲ್ಲಿ ಕೆಲಸವಿಲ್ಲದ ಆಕೆಯನ್ನು ನಾನು ಅದೇ ಮೊದಲು ನೋಡಿದ್ದು. ನಾನಿದ್ದೆನೆಂದು ಎಲ್ಲರೂ ಕನ್ನಡದಲ್ಲೇ ಮಾತಾಡಿದರು. ಉಸ್ಮಾನ ಚಹಾದ ಕಪ್ಪು ಮುಟ್ಟಲಿಲ್ಲ.

“ಇಸ್ರಾರ, ಖಾಲಾ ಕಳದಿರಲಿಲ್ಲ,” ಅಂದ. “ನಾನ ಬಿಟ್ಟ ಹೋಗಿದ್ನಿ. ತಲಿ ಎಣಿಸಲಿಲ್ಲ. ಎಣಿಸಲಾರದ ರೈಟ್ ಅಂದ್ನಿ. ಮ್ಯಾಲ ಅವರಿಗೇ ಬೈದ್ನಿ.”

ಇಸ್ರಾರ ಒಮ್ಮೆ ಅವನನ್ನು, ಒಮ್ಮೆ ಸೋದರತ್ತೆಯನ್ನು ನೋಡಿದ. ಎದ್ದು ಹಿತ್ತಿಲಿಗೆ ಹೋದ. ನಾವಿರುವ ತನಕ ಮತ್ತೆ ಬರಲಿಲ್ಲ.

“ಗೊತ್ತೈತಿ ತಮ್ಮಾ,” ಅಂದಳು ಸರ್ವರಬಿ. “ನಳದ ಕಡೆ ನಿಂತಿದ್ನಿ. ನಿನ್ನ ದನಿ ಕೇಳಿ ಓಡಿ ಬಂದ್ನಿ, ಬಸ್ಸ ಹೋತು. ಮದೀನಾದಾಗ ನೀ ಮಾಫಿ ಕೇಳಿದಿ. ನಾ ಬಾಯಿಲೆ ಅಂದ್ನಿ, ಮನಸಿಲೆ ಕೊಡಲಿಲ್ಲ. ತಪ್ಪಿನ ಹೆಸರ ತಗದು ಕೇಳ್ತಿ ಅಂತ ದಾರಿ ನೋಡಾಕತ್ತಿದ್ನಿ.”

ಉಸ್ಮಾನ ನೆಲ ನೋಡುತ್ತಿದ್ದ. ಆಕೆ ಈಗ ಕೊಟ್ಟಿದ್ದೇನೆ ಅಂದಳು. ಆಮೇಲೆ ಕೇಳಿದಳು: “ಉಳದ ಮಂದಿಗೆ ಯಾರ ಹೇಳವರು?”

ಅವನು ಅಲ್ಲಿಯೇ ಫೋನು ತೆಗೆದು ಗುಂಪಿಗೆ ದನಿಯಲ್ಲೇ ಹೇಳಿದ. ಒಂದು ನಿಮಿಷವೂ ಆಗಲಿಲ್ಲ. ಸರ್ವರಬಿ ಖಾಲಾ ಕಳೆದುಹೋಗಿರಲಿಲ್ಲ, ತಪ್ಪು ನನ್ನದು, ಐದು ತಿಂಗಳು ಸುಳ್ಳು ಉಳಿಯಗೊಟ್ಟೆ ಎಂದಷ್ಟೇ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಎಲ್ಲರೂ ಕೇಳಿದ್ದರ ಗುರುತು ಬಂತು, ಉತ್ತರ ಬರಲಿಲ್ಲ. ಮರುದಿನ ಬೆಳಗಿನ ಸಲಾಮುಗಳು ಬಂದವು, ಅವನ ಹೆಸರಿಗೆ ಒಂದೂ ಇರಲಿಲ್ಲ. ವಾರದ ಮೇಲೆ ಫಿರೋಜ ಫೋನು ಮಾಡಿ, ಸತ್ಕಾರದ ಕಾರ್ಯಕ್ರಮ ಈ ಸಲ ಬೇಡ ಅಂತ ಹಿರಿಯರ ಅಭಿಪ್ರಾಯ, ಬರೇ ಊಟವಷ್ಟೇ ಅಂದ. ಊಟಕ್ಕೆ ಬಾ ಅನ್ನಲಿಲ್ಲ.

ಜನವರಿಯ ಆ ದಿನ ಉಸ್ಮಾನ ಬರೆದುಕೊಟ್ಟಿದ್ದ ರಜೆಯನ್ನು ತಾನೇ ರದ್ದು ಮಾಡಿಸಿಕೊಂಡು ಡ್ಯೂಟಿಗೆ ಬಂದ. ನಮಗೆ ಬಿದ್ದದ್ದು ಚಿಕ್ಕೋಡಿ–ನಿಪ್ಪಾಣಿ. ಮಧ್ಯಾಹ್ನದ ಸರ್ವಿಸಿಗೆ ಏಳೆಂಟು ಮಂದಿ ಹಾಜಿಗಳು ಹತ್ತಿದರು. ಇಸ್ತ್ರಿ ಮಾಡಿದ ಬಟ್ಟೆ, ಅತ್ತರಿನ ವಾಸನೆ. ಅವನು ಒಬ್ಬೊಬ್ಬರ ಹತ್ತಿರವೂ ಹೋಗಿ ಟಿಕೆಟ್ ಕೊಟ್ಟ. ಸಲಾಮಿಗೆ ಸಲಾಮು ಅಂದರು, ಕಿಟಕಿಯ ಹೊರಗೆ ಕಬ್ಬಿನ ಗಾಡಿ ನೋಡತೊಡಗಿದರು. ಮುಂದಿನ ಸೀಟಿನಲ್ಲಿ ಸರ್ವರಬಿ ಇದ್ದಳು. ಒಬ್ಬಳೇ. ಎರಡು ಬಸ್ಸು ಬದಲಿಸಿ ಬಂದಿದ್ದಳು, ಪಕ್ಕದಲ್ಲಿ ಬಳೆಯ ಗಂಟು. ಊಟವನ್ನೂ ಮುಗಿಸಿ, ಅಲ್ಲಿ ಸೇರಿದ ಹೆಂಗಸರಿಗೆ ಬಳೆಯನ್ನೂ ತೊಡಿಸಿ ಬರುವ ಲೆಕ್ಕಾಚಾರ ಆಕೆಯದು. ಉಸ್ಮಾನ ಗಂಟನ್ನು ಎತ್ತಿ ಸೀಟಿನ ಕೆಳಗೆ ಸರಿಯಾಗಿ ಇಟ್ಟ.

ನಿಪ್ಪಾಣಿಯಲ್ಲಿ ಎಲ್ಲರೂ ಇಳಿದು ಗುಂಪಾಗಿ ಫಿರೋಜನ ಮನೆಯ ಕಡೆ ನಡೆದರು. ಸರ್ವರಬಿ ಕೊನೆಗೆ ಇಳಿದು, ನೀನು ಬರುವುದಿಲ್ಲವೇ ಅಂತ ಕೇಳಿದಳು. ಡ್ಯೂಟಿ ಇದೆ ಖಾಲಾ ಅಂದ. ಅವನನ್ನು ಯಾರೂ ಕರೆದಿಲ್ಲವೆಂದು ಆಕೆಗೆ ತಿಳಿಯಿತು. ಅವನ ತೋಳು ಮುಟ್ಟಿ ಹೋದಳು.

ತಿರುಗಿ ಹೊರಡಲು ಇಪ್ಪತ್ತು ನಿಮಿಷವಿತ್ತು. ನಾವಿಬ್ಬರೂ ಖಾಲಿ ಬಸ್ಸಿನಲ್ಲಿ ಕೂತು ಚಹಾ ಕುಡಿದೆವು. “ಖರೇ ಹೇಳಿದ್ದು ಚಲೋನ ಆತು ಮಲಕಾರಿ,” ಅಂದ. “ಆದ್ರ ಒಬ್ಬರರೆ ಊಟಕ್ಕ ಬಾ ಅಂತಾರಂತ ಅನಿಸಿತ್ತ ನೋಡು.”

ನೂರೈವತ್ತು ಮಂದಿಗೂ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನದೇ ಲೆಕ್ಕ ನೆನಪಾಯಿತು. ಹತ್ತೊಂಬತ್ತು ವರ್ಷದಲ್ಲಿ ನಾನೂ ಅವನನ್ನು ಒಮ್ಮೆಯೂ ಮನೆಗೆ ಊಟಕ್ಕೆ ಕರೆದಿರಲಿಲ್ಲ. ಡ್ಯೂಟಿ ಮುಗಿದೊಡನೆ ಅವನು ಖಾನಾವಳಿಯ ಕಡೆ, ನಾನು ಮನೆಯ ಕಡೆ. ಅದು ತಪ್ಪು ಅಂತ ನನಗೆ ಹೊಳೆದೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಇವತ್ತು ಡ್ಯೂಟಿ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬಾ ಅಂದೆ.

ಅವನು ನನ್ನ ಮುಖ ನೋಡಿದ. ಯಾಕೆ ಕರೆಯುತ್ತಿದ್ದೇನೆಂದು ಅವನಿಗೆ ತಿಳಿಯದೆ ಇರುತ್ತದೆಯೇ.

“ಬರ್ತೇನಿ,” ಅಂದ. “ಇವತ್ತ ಬ್ಯಾಡ. ಇವತ್ತ ಬಂದ್ರ ನಿಮ್ಮನ್ಯಾಗ ಕುಂತು ಫಿರೋಜನ ಮನಿ ಊಟಾ ನೆನಸ್ತೇನಿ.”