ಜೊತೆಗೊಬ್ಬರು ಇರಲೇಬೇಕು

ನನ್ನ ತಂಗಿ ಸುಮಾಗೆ ಕಣ್ಣು ಕಾಣಿಸುವುದಿಲ್ಲ. ಚೆನ್ನೈನ ಗಿಂಡಿ ಬಡಾವಣೆಯ ಬ್ಯಾಂಕೊಂದರಲ್ಲಿ ಎಂಟು ವರ್ಷದಿಂದ ಕೆಲಸದಲ್ಲಿದ್ದಾಳೆ. ತಮಿಳು ಅವಳಿಗೆ ನೀರು ಕುಡಿದಷ್ಟು ಸಲೀಸು. ನಾನು ಚೆನ್ನೈಗೆ ಬಂದು ಮೂರು ತಿಂಗಳಾಗಿತ್ತು, ಒಂದು ವಾಕ್ಯವೂ ನೆಟ್ಟಗೆ ಬರುತ್ತಿರಲಿಲ್ಲ.

ಒಂದು ಭಾನುವಾರ ನನ್ನನ್ನು ಥೀಮ್ ಪಾರ್ಕಿಗೆ ಎಳೆದುಕೊಂಡು ಹೋದಳು. ರೋಲರ್ ಕೋಸ್ಟರಿಗೆ ಅಂಗವಿಕಲರು ಕ್ಯೂ ನಿಲ್ಲಬೇಕಿರಲಿಲ್ಲ. ಆದರೆ ಜೊತೆಗೊಬ್ಬರು ಕೂರಲೇಬೇಕು. ಕೆಳಗೆ ಬ್ಯಾಗ್ ಕಾಯುತ್ತ ಕೂರೋಣವೆಂದುಕೊಂಡಿದ್ದ ನಾನು ಸಿಕ್ಕಿಬಿದ್ದೆ.

ಗೇಟಿನ ನೌಕರ ಸುಮಾಳನ್ನು ನೋಡಿ, ನನ್ನ ಕಡೆ ತಿರುಗಿ ತಮಿಳಿನಲ್ಲಿ ಏನೋ ಕೇಳಿದ.

"ಭಯ ಆಗಲ್ವಾ ಅಂತ ಕೇಳ್ತಿದ್ದಾರೆ ಅಕ್ಕ," ಎಂದಳು ಸುಮಾ.

"ಯಾರಿಗೆ?"

"ನನಗೆ."

"ನಿನ್ನನ್ನೇ ಕೇಳಬಹುದಿತ್ತಲ್ಲೇ?"

"ಎಲ್ಲರೂ ಹೀಗೇನೆ. ನೀನು ಹೇಳು, ನಾನು ತಮಿಳಲ್ಲಿ ಹೇಳ್ತೀನಿ."

"ಭಯ ಆಗಲ್ಲ ಅನ್ನು."

ಅವಳು ಗಂಭೀರವಾಗಿ ಹೇಳಿದಳು. ಆತ ನನಗೇ ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿದ. ನನಗೆ ಸಿಟ್ಟು ಬಂತು, ಬೈಯಲು ಭಾಷೆ ಇರಲಿಲ್ಲ. ಅವಳಿಗೆ ಭಾಷೆ ಇತ್ತು, ಸಿಟ್ಟು ಎಂದೋ ಮುಗಿದುಹೋಗಿತ್ತು.

ಮೇಲೆ ಹೋದ ಮೇಲೆ ನಾನು ಕಣ್ಣೇ ಬಿಡಲಿಲ್ಲ. ನನ್ನ ಕಿರುಚಾಟದ ನಡುವೆ ಸುಮಾ ಜೋರಾಗಿ ನಗುವುದು ಕೇಳಿಸುತ್ತಿತ್ತು.

ಇಳಿದ ಮೇಲೂ ಅವಳ ತೋಳು ಹಿಡಿದು ನಿಂತೆ. ಗೇಟಿನ ನೌಕರ ಮೊದಲ ಸಲ ಸುಮಾಳ ಕಡೆ ತಿರುಗಿ ಏನೋ ಕೇಳಿದ.

"ಏನಂತೆ?"

"ನಿಮ್ಮ ಅಕ್ಕನಿಗೆ ನೀರು ಬೇಕಾ ಅಂತ."

"ಬೇಕು ಅನ್ನು," ಎಂದೆ.

ಬಾಟಲಿಯನ್ನು ಆತ ಅವಳ ಕೈಗೇ ಕೊಟ್ಟ.